ಎದೆಯಿಂದ ಕೆನ್ನೆಗೆ ಒಂದು ತೇಪೆ

ಶಿವಮೊಗ್ಗದ ಖಾಸಗಿ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಒಂದು ಕಿರಾಣಿ ಅಂಗಡಿ. ಎಂಟಡಿ ಅಗಲ, ಹತ್ತಡಿ ಉದ್ದ. ಬೆಳಿಗ್ಗೆ ಆರೂವರೆಗೆಲ್ಲ ಬಾಗಿಲು ತೆಗೆದು, ದೇವರ ಫೋಟೋಗೆ ಊದುಬತ್ತಿ ಹಚ್ಚಿ, ಎದುರಿನ ಕ್ಯಾಂಟೀನಿನಿಂದ ತರಿಸಿದ ಟೀಯನ್ನು ಯಜಮಾನರು ಕುಡಿಯುವ ರೀತಿಯೇ ಬೇರೆ. ತಲೆಯನ್ನು ಬಲಕ್ಕೆ ವಾಲಿಸಿಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಾರೆ. ನೆಟ್ಟಗೆ ಕೂತು ಕುಡಿದರೆ ಎಡಗಡೆ ತುಟಿಯ ಮೂಲೆಯಿಂದ ಸೋರುತ್ತದೆ. ಸೋರಿದ್ದು ಅವರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಹೆಗಲ ಮೇಲೆ ಸದಾ ಒಂದು ಟವೆಲ್ಲು.

ಹಳೇ ಗಿರಾಕಿಗಳು ಸುಮ್ಮನೆ ಸಾಮಾನು ತಗೊಂಡು ಹೋಗುತ್ತಾರೆ. ಹೊಸಬರು ಒಮ್ಮೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ. ಮಕ್ಕಳಿಗೆ ಈ ಸಂಕೋಚವಿಲ್ಲ. ಪೆನ್ಸಿಲ್ ಕೊಳ್ಳಲು ಬಂದ ಹುಡುಗಿಯೊಬ್ಬಳು, ‘ಮಾಮ, ನಿಮ್ಮ ಕೆನ್ನೆ ಯಾಕೆ ಹಿಂಗಿದೆ?’ ಎಂದು ಕೇಳಿಯೇಬಿಟ್ಟಳು.

‘ಎದೆ ಇಲ್ಲಿಗೆ ಬಂದು ಕೂತಿದೆ ಪುಟ್ಟಿ’ ಅಂದರು ಯಜಮಾನರು.

ಹುಡುಗಿ ನಕ್ಕು ಓಡಿದಳು. ಆದರೆ ಆ ಮಾತು ತಮಾಷೆಯಲ್ಲ, ಅಕ್ಷರಶಃ ನಿಜ. ಬಾಯಿ ಕ್ಯಾನ್ಸರಿಗೆ ಅವರ ಎಡಗೆನ್ನೆಯ ಒಳಭಾಗವನ್ನೂ ದವಡೆಯ ಒಂದು ತುಂಡನ್ನೂ ಬೆಂಗಳೂರಿನಲ್ಲಿ ಕೊಯ್ದು ತೆಗೆದರು. ಆದ ಗುಂಡಿಯನ್ನು ಅವರದೇ ಎದೆಯ ಚರ್ಮ, ಮಾಂಸ ತಂದು ಮುಚ್ಚಿದರು. ಡಾಕ್ಟರರ ಭಾಷೆಯಲ್ಲಿ ಇದಕ್ಕೆ ಫ್ಲ್ಯಾಪ್ ಶಸ್ತ್ರಚಿಕಿತ್ಸೆ ಎಂದು ಹೆಸರು. ಜನರ ಭಾಷೆಯಲ್ಲಿ ತೇಪೆ ಅಂದರೆ ಸಾಕು.

‘ಹಲ್ಲು ತಾಗಿದ್ದು’ ಅಂದುಕೊಂಡರು

ಶುರುವಾದದ್ದು ಒಂದು ಕಡಲೆಕಾಳಿನಷ್ಟು ಹುಣ್ಣಿನಿಂದ. ಯಜಮಾನರಿಗೆ ಆಗ ನಲವತ್ತಾರು. ಇಪ್ಪತ್ತು ವರ್ಷದಿಂದ ಅಂಗಡಿಯ ಗಲ್ಲಾದ ಮುಂದೆ ಕೂತು ಬೇಸರ ಕಳೆಯಲು ಮೊದಲು ಎಲೆ, ಅಡಿಕೆ, ಕಡ್ಡಿಪುಡಿ, ಆಮೇಲೆ ಪ್ಯಾಕೆಟ್ಟು. ಯಾವಾಗಲೂ ಎಡದವಡೆಗೇ ಒತ್ತಿಡುವ ರೂಢಿ. ಹುಣ್ಣು ಎದ್ದದ್ದೂ ಅಲ್ಲೇ.

‘ಹಲ್ಲು ಚೂಪಾಗಿದೆ, ತಾಗ್ತಿರಬೇಕು’ ಎಂದುಕೊಂಡು ಮೆಡಿಕಲ್ ಶಾಪಿನ ಮುಲಾಮು ಹಚ್ಚಿದರು. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದರು. ಯಾರೋ ಹೇಳಿದ ನಾಟಿ ಔಷಧವನ್ನೂ ಅರೆದು ಮೆತ್ತಿದರು. ನೋವಿರಲಿಲ್ಲ. ಮೋಸ ಇರುವುದೇ ಇಲ್ಲಿ. ಹಲ್ಲುನೋವು ಬಂದರೆ ಮನುಷ್ಯ ರಾತ್ರಿಯೇ ಎದ್ದು ಓಡುತ್ತಾನೆ. ಈ ಹುಣ್ಣು ಶುರುವಿನಲ್ಲಿ ಅನೇಕರಿಗೆ ನೋಯುವುದೇ ಇಲ್ಲ.

ಐದು ತಿಂಗಳು ಹೀಗೇ ಹೋಯಿತು. ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುವಂತಾಗಿ, ಕೆನ್ನೆಯ ಹೊರಗೆ ಗಂಟು ಕಂಡಾಗ ಮನೆಯಾಕೆ ಹಿಡಿದೆಳೆದುಕೊಂಡು ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ದರು. ಹುಣ್ಣಿನ ಒಂದು ಚೂರು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್ ಎಂದು ವರದಿ ಬಂತು. ಬೆಂಗಳೂರಿಗೆ ಕಾಗದವನ್ನೂ ಬರೆದುಕೊಟ್ಟರು.

ಕಾಗದ ಕಿಸೆಯಲ್ಲಿಟ್ಟುಕೊಂಡು ಯಜಮಾನರು ಮತ್ತೊಂದು ತಿಂಗಳು ಮನೆಯಲ್ಲೇ ಕೂತರು! ಕಾರಣ ದುಡ್ಡಲ್ಲ, ಹೆದರಿಕೆ. ಹೆದರಿಕೆಯೂ ಎರಡು ಬಗೆಯದು. ‘ಕತ್ತಿ ಹಾಕಿಸ್ಬೇಡ ಮಾರಾಯ, ಹಾಕಿದ್ರೆ ಮೈಗೆಲ್ಲ ಹಬ್ಬುತ್ತೆ’ ಎಂದು ನೆಂಟರು ಹೇಳಿದ್ದು ಒಂದು. ‘ಕೆನ್ನೆ ತೂತಾಗುತ್ತೆ, ಕುಡಿದ ನೀರು ಹೊರಗೆ ಸುರಿಯುತ್ತೆ’ ಎಂದು ಯಾರೋ ಬಸ್ಸಿನಲ್ಲಿ ಹೇಳಿದ್ದು ಇನ್ನೊಂದು.

ಮೊದಲನೆಯದು ಶುದ್ಧ ಸುಳ್ಳು. ಕತ್ತಿಯಿಂದ ಕ್ಯಾನ್ಸರ್ ಹಬ್ಬುವುದಿಲ್ಲ. ಹಬ್ಬಿದ ಮೇಲೆ ಕತ್ತಿಯ ಹತ್ತಿರ ಬರುವವರು ಹೆಚ್ಚು. ಅದಕ್ಕೇ ಕೆಟ್ಟ ಹೆಸರು ಕತ್ತಿಗೆ ಬಂದಿದೆ. ಎರಡನೆಯ ಹೆದರಿಕೆಗೆ ಉತ್ತರವೇ ಈ ತೇಪೆ.

ಕೊನೆಗೆ ಮನೆಯಾಕೆ ಒಂದೇ ಮಾತು ಹೇಳಿದರಂತೆ: ‘ಮುಖ ಹೆಂಗಾದ್ರೂ ಇರಲಿ, ನೀವು ಇರಿ.’ ಆ ರಾತ್ರಿಯೇ ಇಬ್ಬರೂ ಬೆಂಗಳೂರಿನ ರೈಲು ಹತ್ತಿದರು.

ಕೊಯ್ಯುವುದು ಅರ್ಧ ಕೆಲಸ

ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯ ಹೆಸರು ಕೇಳದವರು ನಮ್ಮ ಜಿಲ್ಲೆಯಲ್ಲಿ ಕಡಿಮೆ. 1973ರಲ್ಲಿ ಆರಂಭವಾದ ಈ ಸಂಸ್ಥೆ 1980ರಲ್ಲಿ ಸ್ವಾಯತ್ತವಾಯಿತು. ಅಲ್ಲಿನ ಸಾಲಿನಲ್ಲಿ ಒಮ್ಮೆ ನಿಂತವರಿಗೆ, ನಮ್ಮ ನಾಡಿನಲ್ಲಿ ಬಾಯಿ ಕ್ಯಾನ್ಸರ್ ಎಷ್ಟಿದೆ ಎಂದು ಅಂಕಿ-ಅಂಶ ಬೇಕಾಗುವುದಿಲ್ಲ. ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ ಗಂಡಸರು, ಸೆರಗು ಒತ್ತಿಕೊಂಡ ಹೆಂಗಸರು. ಬೀದರಿನಿಂದ ಚಾಮರಾಜನಗರದವರೆಗಿನ ಕನ್ನಡವೆಲ್ಲ ಅಲ್ಲಿ ಕಿವಿಗೆ ಬೀಳುತ್ತದೆ.

ಬಾಯಿ ಕ್ಯಾನ್ಸರಿಗೆ ಮೊದಲ ಮದ್ದು ಸಾಮಾನ್ಯವಾಗಿ ಶಸ್ತ್ರಕ್ರಿಯೆಯೇ. ಕಣ್ಣಿಗೆ ಕಾಣುವ ಗೆಡ್ಡೆಯನ್ನಷ್ಟೇ ತೆಗೆದರೆ ಸಾಲದು. ಅದರ ಸುತ್ತ ಸುಮಾರು ಒಂದು ಸೆಂಟಿಮೀಟರ್ ಒಳ್ಳೆಯ ಮಾಂಸವನ್ನೂ ಸೇರಿಸಿ ತೆಗೆಯಬೇಕು. ವಸಡಿಗೆ ಅಂಟಿದ್ದರೆ ದವಡೆ ಎಲುಬಿನ ಭಾಗವೂ ಹೋಗುತ್ತದೆ. ಕುತ್ತಿಗೆಯ ಗ್ರಂಥಿಗಳಿಗೆ ಇಳಿದಿರುವ ಸಂಭವವಿದ್ದರೆ ಅವನ್ನೂ ತೆಗೆಯುತ್ತಾರೆ. ಹೀಗಾಗಿ ಕಡಲೆಕಾಳಿನಷ್ಟಿದ್ದಾಗ ಬಂದವರಿಗೆ ನಾಲ್ಕು ಹೊಲಿಗೆಯಲ್ಲಿ ಮುಗಿಯುವುದು, ಲಿಂಬೆಹಣ್ಣಿನಷ್ಟಾದ ಮೇಲೆ ಬಂದವರಿಗೆ ಅರ್ಧ ಮುಖದ ವ್ಯವಹಾರವಾಗುತ್ತದೆ.

ದೊಡ್ಡ ಗುಂಡಿಯನ್ನು ಎಳೆದು ಹೊಲಿದುಬಿಟ್ಟರೆ? ಬಾಯಿ ತೆರೆಯುವುದೇ ಇಲ್ಲ. ಹಾಗೇ ಬಿಟ್ಟರೆ? ಎಂಜಲು ಕುತ್ತಿಗೆಗೆ ಸೋರಿ, ಕೀವಾಗಿ, ಅಲ್ಲಿನ ದೊಡ್ಡ ರಕ್ತನಾಳಕ್ಕೇ ಅಪಾಯ. ಹಾಗಾಗಿ ಕೊಯ್ಯುವುದು ಅರ್ಧ ಕೆಲಸ, ಮುಚ್ಚುವುದು ಇನ್ನರ್ಧ. ಗುಂಡಿ ಮುಚ್ಚುವ ಭರವಸೆ ಇದ್ದರೆ ತಾನೇ ಸರ್ಜನ್ನಿಗೂ ಕೈ ಬಿಗಿಹಿಡಿಯದೆ ರೋಗವನ್ನು ಪೂರ್ತಿ ತೆಗೆಯುವ ಧೈರ್ಯ?

ಮಣ್ಣು ಸಮೇತ ಕಿತ್ತ ಸಸಿ

ಚರ್ಮ ಕೆತ್ತಿ ತಂದು ಅಂಟಿಸಿದರಾಗದೇ ಎಂದು ಕೇಳಬಹುದು. ತೆಳು ಚರ್ಮ ತನ್ನ ಜೊತೆ ರಕ್ತ ತರುವುದಿಲ್ಲ, ಕೂತ ಜಾಗದಿಂದಲೇ ಕುಡಿಯಬೇಕು. ದೊಡ್ಡ ಗುಂಡಿಯಲ್ಲಿ, ಎಂಜಲ ತೇವದಲ್ಲಿ, ಎಲುಬಿಲ್ಲದ ಕಡೆ ಅದು ಹಿಡಿಯುವುದು ಕಷ್ಟ.

ಅಡಿಕೆ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಸಿಯನ್ನು ಬೇರು ಹರಿದು ಕಿತ್ತು ನೆಟ್ಟರೆ ಬಾಡುತ್ತದೆ. ಮಣ್ಣಿನ ಹೆಂಟೆ ಸಮೇತ ಎತ್ತಿ ನೆಟ್ಟರೆ ಏಳುತ್ತದೆ. ಫ್ಲ್ಯಾಪ್ ಎಂದರೆ ಹೆಂಟೆ ಸಮೇತ ಎತ್ತಿದ ಸಸಿ. ಚರ್ಮ, ಅದರಡಿಯ ಕೊಬ್ಬು, ಮಾಂಸ, ಅದಕ್ಕೆ ರಕ್ತ ಉಣಿಸುವ ನಾಳ, ಎಲ್ಲ ಒಟ್ಟಿಗೇ.

ಯಜಮಾನರಿಗೆ ಮಾಡಿದ್ದು ಪಿ.ಎಂ.ಎಂ.ಸಿ. ಎಂಬ ಬಗೆ. ಎದೆಯ ದೊಡ್ಡ ಸ್ನಾಯುವಿನ ಹೆಸರಿನ ಮೊದಲಕ್ಷರಗಳು ಅವು. ಭುಜದ ಕಡೆಯಿಂದ, ಕೊರಳ ಮೂಳೆಯ ನಡುಭಾಗದ ಕೆಳಗೆ, ಒಂದು ರಕ್ತನಾಳ ಎದೆಗೆ ಇಳಿಯುತ್ತದೆ. ಕೆನ್ನೆಗೆ ಬೇಕಾದ ಅಳತೆಯ ಚರ್ಮವನ್ನು ಎದೆಯ ಮೇಲೆ ಗುರುತು ಹಾಕಿ, ಸ್ನಾಯುವಿನ ಜೊತೆಗೇ ಎತ್ತುತ್ತಾರೆ. ನಾಳವನ್ನು ಮಾತ್ರ ಕಡಿಯುವುದಿಲ್ಲ. ನಲ್ಲಿಯ ಪೈಪು ಬಿಚ್ಚದೆ ತುದಿಯನ್ನು ಮಾತ್ರ ಪಕ್ಕದ ಮನೆಗೆ ತಿರುಗಿಸಿದ ಹಾಗೆ, ಕೊರಳ ಮೂಳೆಯ ಮೇಲಿಂದ, ಕುತ್ತಿಗೆಯ ಚರ್ಮದಡಿಯ ಸುರಂಗದಲ್ಲಿ ತೂರಿಸಿ ಬಾಯಿಗೆ ತಂದು ಹೊಲಿಯುತ್ತಾರೆ. ಎದೆಯ ಗಾಯವನ್ನು ಎಳೆದು ಮುಚ್ಚುತ್ತಾರೆ. ಕೆನ್ನೆಯ ಒಳಗೂ ಹೊರಗೂ ಹೋಗಿದ್ದರೆ ಅದೇ ತುಂಡನ್ನು ಮಡಿಸಿ ಎರಡೂ ಕಡೆಗೆ ಆಗುವಂತೆ ಕೂರಿಸುವುದುಂಟು.

ಶ್ರೀರಂಗಪಟ್ಟಣದ ಯುದ್ಧದ ಮೂಗು

ಈ ವಿದ್ಯೆ ಪರದೇಶದಿಂದ ಬಂದದ್ದು ಎಂದು ತಿಳಿದವರು ಒಂದು ಹಳೇ ಸಂಗತಿ ಕೇಳಬೇಕು. ಗಾಯದ ಪಕ್ಕದ ಚರ್ಮವನ್ನು ತಿರುಗಿಸಿ ಮೂಗು ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆ. ಅದು ಲಂಡನ್ನಿನವರ ಕಣ್ಣಿಗೆ ಬಿದ್ದದ್ದಕ್ಕೆ ನಮ್ಮ ಮೈಸೂರು ಯುದ್ಧವೇ ಕಾರಣ.

ಟಿಪ್ಪು ಸುಲ್ತಾನನ ಮೇಲೆ ಇಂಗ್ಲಿಷರು ನಡೆಸಿದ 1792ರ ಯುದ್ಧದಲ್ಲಿ ಕಾವಸ್‌ಜಿ ಎಂಬ ಎತ್ತಿನ ಗಾಡಿಯವನು ಇಂಗ್ಲಿಷರ ಸೈನ್ಯದಲ್ಲಿದ್ದ. ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಆಮೇಲೆ ಪುಣೆಯ ಹತ್ತಿರ ಒಬ್ಬ ದೇಸಿ ವೈದ್ಯ ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಹರಡಿ ಗೆರೆ ಎಳೆದು, ಅಷ್ಟು ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಒಂದು ಪಟ್ಟಿಯನ್ನು ಮಾತ್ರ ಕಡಿಯದೆ ಉಳಿಸಿ, ಕೆಳಕ್ಕೆ ತಿರುಗಿಸಿ ಮೂಗು ಕೂರಿಸಿದ. ಸುಮಾರು ಇಪ್ಪತ್ತೈದು ದಿನ ಕಳೆದ ಮೇಲಷ್ಟೇ ಆ ಪಟ್ಟಿಯನ್ನು ಕಡಿಯುವುದು. ಇದನ್ನು ಕಂಡ ಇಂಗ್ಲಿಷ್ ವೈದ್ಯರ ವರದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಪತ್ರಿಕೆಯಲ್ಲಿ ಚಿತ್ರ ಸಮೇತ ಅಚ್ಚಾಯಿತು. ಅದನ್ನು ಆಧರಿಸಿ 1814ರಲ್ಲಿ ಕಾರ್ಪ್ಯೂ ಎಂಬ ಸರ್ಜನ್ ಲಂಡನ್ನಿನಲ್ಲೇ ಇಂಥ ಮೂಗು ಕಟ್ಟಿದ.

ಆ ಕಡಿಯದೆ ಉಳಿಸಿದ ಪಟ್ಟಿಯೇ ಇಡೀ ವಿದ್ಯೆಯ ಗುಟ್ಟು. ಅದರಲ್ಲೇ ರಕ್ತ ಹರಿಯುವುದು. 1965ರಲ್ಲಿ ಅಮೆರಿಕದ ಬಾಕಂಜಿಯನ್ ಎಂಬ ಸರ್ಜನ್ ಎದೆ-ಭುಜದ ಚರ್ಮವನ್ನು ಮುಖದ ಕಡೆಗೆ ತಿರುಗಿಸುವ ಕ್ರಮ ತಂದ. ಆದರೆ ರೋಗಿ ಕುತ್ತಿಗೆಯ ಮೇಲೆ ಸೊಂಡಿಲಿನಂಥ ಚರ್ಮದ ಸೇತುವೆ ಹೊತ್ತುಕೊಂಡು ಮೂರು ವಾರ ಕಾಯಬೇಕಿತ್ತು. 1979ರಲ್ಲಿ ಏರಿಯನ್ ಎಂಬ ಇನ್ನೊಬ್ಬ ಅಮೆರಿಕದ ಸರ್ಜನ್ ಎದೆಯ ಸ್ನಾಯುವಿನ ದಾರಿ ತೋರಿಸಿದ ಮೇಲೆ ಒಂದೇ ಸಲಕ್ಕೆ ಕೆಲಸ ಮುಗಿಯುವಂತಾಯಿತು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇವತ್ತಿಗೂ ಅದು ಗಾಣದ ಎತ್ತಿನಂತೆ ದುಡಿಯುತ್ತಿದೆ.

ಇನ್ನೂ ನಾಜೂಕಿನದು ಇನ್ನೊಂದಿದೆ. ಮುಂಗೈಯಿಂದಲೋ ತೊಡೆಯಿಂದಲೋ ತುಂಡನ್ನು ನಾಳ ಸಮೇತ ಪೂರ್ತಿ ಬಿಡಿಸಿ ತಂದು, ಕುತ್ತಿಗೆಯ ನಾಳಗಳಿಗೆ ಜೋಡಿಸುವುದು. ಎರಡು-ಮೂರು ಮಿಲಿಮೀಟರಿನ ಆ ನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಯುತ್ತಾರೆ. ಗದ್ದದ ಎಲುಬೇ ಹೋದವರಿಗೆ ಮೊಣಕಾಲ ಕೆಳಗಿನ ಎರಡು ಎಲುಬುಗಳಲ್ಲಿ ಸಣ್ಣದನ್ನು ತಂದು, ಕತ್ತರಿಸಿ ಬಾಗಿಸಿ ದವಡೆ ಮಾಡುತ್ತಾರೆ. ಮೈಭಾರ ಹೊರುವುದು ದೊಡ್ಡ ಎಲುಬಾದ್ದರಿಂದ ಆ ಮನುಷ್ಯ ಮತ್ತೆ ನಡೆದಾಡಬಲ್ಲ. ಎಂಟು-ಹತ್ತು ಗಂಟೆಯ ಕೆಲಸ. ಪಳಗಿದ ತಂಡ ಬೇಕು, ರೋಗಿಯ ಮೈಯೂ ತಡೆಯಬೇಕು. ಯಾರಿಗೆ ಯಾವುದು ಎಂಬುದನ್ನು ಗುಂಡಿಯ ಅಳತೆ, ವಯಸ್ಸು, ಸಕ್ಕರೆ ಕಾಯಿಲೆ, ಆಸ್ಪತ್ರೆಯ ಅನುಕೂಲ ನೋಡಿ ಡಾಕ್ಟರರು ಹೇಳುತ್ತಾರೆ.

ಸೂಜಿ ಚುಚ್ಚಿ ನೋಡಿದ ರಾತ್ರಿ

ಆಪರೇಷನ್ ಆದ ಮೊದಲ ರಾತ್ರಿಗಳನ್ನು ಮನೆಯಾಕೆ ಮರೆತಿಲ್ಲ. ನರ್ಸಮ್ಮ ಮತ್ತೆ ಮತ್ತೆ ಬಂದು ಟಾರ್ಚು ಹಾಕಿ ಬಾಯಿಯೊಳಗಿನ ತೇಪೆಯ ಬಣ್ಣ ನೋಡುತ್ತಿದ್ದರು. ಬಿಳಿಚಿದರೆ ರಕ್ತ ಬರುತ್ತಿಲ್ಲ ಎಂದರ್ಥ. ನೀಲಿಗಟ್ಟಿದರೆ ಬಂದ ರಕ್ತ ಹೋಗುತ್ತಿಲ್ಲ ಎಂದರ್ಥ. ಅನುಮಾನ ಬಂದಾಗ ಸಣ್ಣ ಸೂಜಿ ಚುಚ್ಚಿದರು. ಕೆಂಪು ರಕ್ತದ ಹನಿ ಎದ್ದಿತು. ‘ಜೀವ ಇದೆ ಅಮ್ಮಾ’ ಅಂದರಂತೆ ನರ್ಸಮ್ಮ. ಅವರು ಹೇಳಿದ್ದು ತೇಪೆಯ ಮಾತು. ಮನೆಯಾಕೆ ಗಂಡನ ಮುಖ ನೋಡಿ ಅತ್ತರು.

ಮೂಗಿನ ನಳಿಗೆಯಲ್ಲಿ ಗಂಜಿ, ಹಾಲು, ರಾಗಿ ಅಂಬಲಿ. ಗಾಯ ಒಣಗಿದ ಮೇಲೆ ನಳಿಗೆ ತೆಗೆದರು. ಆಮೇಲೆ ಸುಮಾರು ಆರು ವಾರ ‘ಕರೆಂಟು’. ರೇಡಿಯೇಷನ್ನಿಗೆ ಜನ ಇಟ್ಟ ಹೆಸರು ಅದು. ಬಾಯಿಯೆಲ್ಲ ಹುಣ್ಣು, ನಾಲಿಗೆಗೆ ರುಚಿಯಿಲ್ಲ. ಇಲ್ಲೇ ಅನೇಕರು ಬೇಸತ್ತು ಊರಿಗೆ ಓಡಿಬರುವುದು. ಓಡಿಬಂದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಊರಿಗೆ ಬಂದ ಮೇಲಿನ ಕಥೆಯನ್ನೂ ಮುಚ್ಚಿಡಬೇಕಿಲ್ಲ. ತೇಪೆಗೆ ಸ್ಪರ್ಶವಿಲ್ಲ, ಅನ್ನದ ಅಗುಳು ಕೆನ್ನೆಯಲ್ಲಿ ಕೂತಿದ್ದೇ ತಿಳಿಯುವುದಿಲ್ಲ. ಕುತ್ತಿಗೆಯಲ್ಲಿ ಹಗ್ಗದಂತೆ ಉಬ್ಬು. ಭುಜ ಬಿಗಿ, ಮೇಲಿನ ಶೆಲ್ಫಿನ ಡಬ್ಬಿ ತೆಗೆಯಲು ಕಷ್ಟ. ದವಡೆ ಒಂದು ಕಡೆಗೆ ಸ್ವಲ್ಪ ವಾಲಿದೆ. ಇನ್ನೊಂದು ಸಂಗತಿ ಕೇಳಿದರೆ ನಗು ಬರಬಹುದು: ಎದೆಯ ಚರ್ಮವಾದ್ದರಿಂದ ಬಾಯಿಯೊಳಗೆ ಕೂದಲು ಬೆಳೆಯಿತು! ಕರೆಂಟು ಕೊಟ್ಟ ಮೇಲೆ ಬಹುತೇಕ ಉದುರಿತು, ಉಳಿದದ್ದನ್ನು ಆಸ್ಪತ್ರೆಯಲ್ಲಿ ಕತ್ತರಿಸಿದರು.

ಬಾಯಿ ಬಿಗಿಯದಂತೆ ದಿನಕ್ಕೆ ಹಲವು ಸಲ ಹಲ್ಲುಗಳ ನಡುವೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಅಗಲಿಸಬೇಕು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಯಜಮಾನರು ಗಲ್ಲಾದ ಹಿಂದೆ ಕೂತು ಅದನ್ನೇ ಮಾಡುತ್ತಾರೆ. ಮೃದು ಅನ್ನ, ತಿಳಿಸಾರು, ನೆನೆಸಿದ ದೋಸೆ ಸರಾಗ. ರೊಟ್ಟಿ ಕಷ್ಟ. ಮಾತು ಸ್ವಲ್ಪ ತೊದಲು, ಲೆಕ್ಕ ಮಾತ್ರ ಹಿಂದಿನಷ್ಟೇ ಖಡಕ್ಕು. ಬದುಕಿದ್ದಾರೆ, ವ್ಯಾಪಾರ ಮಾಡುತ್ತಿದ್ದಾರೆ, ಮಗಳ ಕಾಲೇಜು ಫೀಜು ಕಟ್ಟಿದ್ದಾರೆ.

ಬಸ್ಸಿನ ಪಕ್ಕದ ಸೀಟು

ಅವರಿಗೆ ಹೆಚ್ಚು ನೋವಾದದ್ದು ಬಸ್ಸಿನಲ್ಲಿ. ತಪಾಸಣೆಗೆ ಹೋಗಿ ಬರುವಾಗ ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತೇ ಬಂದರು. ಒಬ್ಬಾಕೆ ಮಗುವನ್ನು ಎಳೆದುಕೊಂಡರು. ಸ್ವಾಮಿ, ಇದು ಅಂಟುರೋಗವಲ್ಲ. ಪಕ್ಕದಲ್ಲಿ ಕೂತರೆ, ಅದೇ ಲೋಟದಲ್ಲಿ ನೀರು ಕುಡಿದರೆ ಬಾಯಿ ಕ್ಯಾನ್ಸರ್ ಬರುವುದಿಲ್ಲ. ಹಾಗೆ ದೂರ ನಿಂತವರಲ್ಲೇ ಒಬ್ಬರು ಕಿಟಕಿಯಿಂದ ಕೆಂಪಗೆ ಉಗುಳುತ್ತಿದ್ದರಂತೆ.

ಎರಡು ಪ್ಯಾಕೆಟ್ಟಿನ ಲೆಕ್ಕ

ರಾಜ್ಯದಲ್ಲಿ 2013ರ ಮೇ ತಿಂಗಳ ಕೊನೆಗೆ ಗುಟ್ಕಾ ನಿಷೇಧವಾಯಿತು. ಆಮೇಲೆ ಏನಾಯಿತು ಎಂಬುದು ಅಂಗಡಿಯವರಿಗೆಲ್ಲ ಗೊತ್ತು. ಒಂದಿದ್ದ ಪ್ಯಾಕೆಟ್ಟು ಎರಡಾಯಿತು. ಪಾನ್ ಮಸಾಲೆ ಒಂದು, ತಂಬಾಕು ಇನ್ನೊಂದು. ಗಿರಾಕಿ ಅಂಗೈಯಲ್ಲಿ ಎರಡನ್ನೂ ಸೇರಿಸಿಕೊಂಡ. ಕಾನೂನು ಸೋತಿತು.

ಅಡಿಕೆಯ ಮಾತು ಎತ್ತಿದರೆ ಈ ಜಿಲ್ಲೆಯಲ್ಲಿ ಮುಖ ಸಿಂಡರಿಸುವವರುಂಟು. ರಾಶಿ, ಬೆಟ್ಟೆ, ಸರಕು, ಗೊರಬಲು ಧಾರಣೆಯ ಮೇಲೆ ಎಷ್ಟೋ ಮನೆಗಳ ಮದುವೆ ನಿಲ್ಲುವುದು, ನಡೆಯುವುದು. ಆದರೂ ಸಂಗತಿ ಸಂಗತಿಯೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕು ಬೆರೆತ ಎಲೆಯಡಿಕೆಯನ್ನು 1985ರಲ್ಲೇ ಕ್ಯಾನ್ಸರ್ ಕಾರಕ ಎಂದಿತ್ತು. 2004ರಲ್ಲಿ ಬರೀ ಅಡಿಕೆಯನ್ನೂ ಆ ಪಟ್ಟಿಗೆ ಸೇರಿಸಿತು. ಬೆಳೆಗಾರರು ಇದಕ್ಕೆ ತಕರಾರು ಎತ್ತುತ್ತಲೇ ಇದ್ದಾರೆ. ಆದರೆ ದಿನವಿಡೀ ಅಡಿಕೆ ಜಗಿಯುವವರ ಕೆನ್ನೆಯೊಳಗೆ ನಾರುಗಟ್ಟಿ ಬಾಯಿ ಬಿಗಿಯುವ ಕಾಯಿಲೆ ಡಾಕ್ಟರರಿಗೆ ಚೆನ್ನಾಗಿ ಗೊತ್ತು. ಅಂಥ ಬಾಯಲ್ಲಿ ಕ್ಯಾನ್ಸರಿನ ಸಂಭವ ಜಾಸ್ತಿ ಎಂಬುದೂ ಗೊತ್ತು.

ಗುರುತುಗಳು ಸುಲಭ. ಮೂರು ವಾರವಾದರೂ ಮಾಯದ ಹುಣ್ಣು. ಬಿಳಿ ಅಥವಾ ಕೆಂಪು ಮಚ್ಚೆ. ಕಾರಣವಿಲ್ಲದೆ ಅಲ್ಲಾಡುವ ಹಲ್ಲು. ಕುತ್ತಿಗೆಯಲ್ಲಿ ಗಂಟು. ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಡಲಾಗದಷ್ಟು ಬಿಗಿದ ಬಾಯಿ. ಇವುಗಳಲ್ಲಿ ಯಾವುದಿದ್ದರೂ ಮುಲಾಮು ಬಿಟ್ಟು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ರೇಷನ್ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ಶಿಫಾರಸು ಕಾಗದ ಕೈಯಲ್ಲಿರಲಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರಿಯಾಯಿತಿ ಉಂಟು. ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಯಜಮಾನರ ಅಂಗಡಿಯಲ್ಲಿ ಈಗ ಪ್ಯಾಕೆಟ್ಟಿನ ಸರ ಇಲ್ಲ. ಬಂದ ಹೊಸದರಲ್ಲಿ ಇತ್ತು. ‘ಅದಿಲ್ದೆ ಗಿರಾಕಿ ನಿಲ್ಲಲ್ಲ’ ಎಂಬ ಲೆಕ್ಕ ಅವರದ್ದೂ ಆಗಿತ್ತು. ಒಂದು ಸಂಜೆ ಕಾಲೇಜು ಹುಡುಗನೊಬ್ಬ ಎರಡು ಪ್ಯಾಕೆಟ್ಟು ಕೇಳಿ, ಕೊಡಲು ಚಾಚಿದ ಕೈ ಬಿಟ್ಟು ಅವರ ಮುಖವನ್ನೇ ನೋಡುತ್ತ ನಿಂತ. ಆ ರಾತ್ರಿ ಸರ ಕೆಳಗಿಳಿಯಿತು. ವ್ಯಾಪಾರ ಸ್ವಲ್ಪ ಬಿತ್ತು. ಸಿಗರೇಟು, ಪ್ಯಾಕೆಟ್ಟಿಗೆ ಬಂದವರು ಬೆಂಕಿಪೊಟ್ಟಣ, ಬಿಸ್ಕತ್ತನ್ನೂ ಪಕ್ಕದ ಅಂಗಡಿಯಲ್ಲೇ ಕೊಳ್ಳುತ್ತಾರೆ.

ಮೊನ್ನೆ ಇನ್ನೊಬ್ಬ ಹುಡುಗ ಬಂದು ಪ್ಯಾಕೆಟ್ಟು ಕೇಳಿದ. ‘ಇಲ್ಲಪ್ಪ. ಆದ್ರೆ ಒಂದ್ ಕೆಲಸ ಮಾಡು, ಮೂರು ಬೆರಳು ಬಾಯೊಳಗೆ ನಿಲ್ಸು ನೋಡೋಣ’ ಅಂದರು ಯಜಮಾನರು. ಹುಡುಗ ನಗುತ್ತಲೇ ಬೆರಳಿಟ್ಟ. ಎರಡು ಹೋಯಿತು. ಮೂರನೆಯದು ಹೋಗಲಿಲ್ಲ.

ನಗು ನಿಂತಿತು. ಮೆಗ್ಗಾನ್ ಕಡೆ ಹೋಗುವ ಸಿಟಿ ಬಸ್ಸು ಎದುರಿಗೇ ನಿಲ್ಲುತ್ತದೆ ಎಂದು ಯಜಮಾನರೇ ಕೈ ತೋರಿಸಿದರು. ಅವನು ಹತ್ತಿದ್ದನ್ನು ಅವರು ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡಿದರು.